ಸುಡದೆ ಉಳಿದ ಮನೆ

ಕೇಳುವುದು ನನ್ನ ಚಾಳಿ. ಬಸ್ಸಿನಲ್ಲಿ ಪಕ್ಕ ಕೂತವರ ಊರು ಯಾವುದು, ಮಕ್ಕಳೆಷ್ಟು, ಸೊಸೆ ಹೇಗೆ, ಕೈಗೆ ಬ್ಯಾಂಡೇಜು ಯಾಕೆ ಎಂದು ವಿಚಾರಿಸದೆ ನಾನು ಇಳಿದವಳೇ ಅಲ್ಲ. ನಮ್ಮ ಕಾರ್ಕಳದ ಕಡೆ ಇದನ್ನು ಯಾರೂ ತಪ್ಪೆಂದು ತಿಳಿಯುವುದಿಲ್ಲ. ಕೇಳದಿದ್ದರೇ ‘ಅವಳಿಗೆ ಭಾರೀ ಜಂಬ’ ಎನ್ನುತ್ತಾರೆ. ಮದುವೆಯಾಗಿ ಮಸ್ಕತ್ತಿಗೆ ಬಂದ ಮೇಲೆ ನನ್ನ ಗಂಡ ಈ ಗುಣಕ್ಕೆ ಕಡಿವಾಣ ಹಾಕಲು ಬಹಳ ಪ್ರಯತ್ನಪಟ್ಟರು.

“ಇಲ್ಲಿ ನಾನಾ ದೇಶದವರು ಇರುವುದು ಮಾರಾಯ್ತಿ. ಅವರವರ ಮನೆ ವಿಷಯ ಅವರವರಿಗೆ. ನೀನು ಸ್ವಲ್ಪ ಬಾಯಿಗೆ ಬೀಗ ಹಾಕು,” ಎನ್ನುತ್ತಿದ್ದರು.

ಆಯಿತು ಎನ್ನುತ್ತಿದ್ದೆ. ಬೀಗ ಎರಡು ದಿನ ನಿಲ್ಲುತ್ತಿತ್ತು.

ಎಂಬತ್ತರ ದಶಕದ ನಡುವಿನಲ್ಲಿ ನನಗೆ ಮಸ್ಕತ್ತಿನದೇ ಘಾಲಾ ಬಡಾವಣೆಯ ಒಂದು ದೊಡ್ಡ ಗ್ಯಾರೇಜಿನ ಆಫೀಸಿನಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ಲಾರಿ, ಜೀಪುಗಳನ್ನು ಬಿಚ್ಚಿ ಹರಡಿದ ಶೆಡ್ಡಿನ ಮೇಲ್ಗಡೆ, ಗಾಜಿನ ಗೋಡೆಯ ಚಿಕ್ಕ ಕೋಣೆ. ಅಲ್ಲಿ ನಾನು ಮತ್ತು ಮ್ಯಾನೇಜರು. ಮ್ಯಾನೇಜರು ಅರವತ್ತು ದಾಟಿದ ಬಿಳಿಯ. ಹೆಂಡತಿ ತೀರಿಹೋಗಿದ್ದಳು, ಮಗಳು ಲಂಡನ್ನಿನಲ್ಲಿದ್ದಳು. ಮೊದಲ ವಾರವೇ ನಾನು ಟೈಪು ಮಾಡುತ್ತಾ “ನಿಮ್ಮ ಇಂಗ್ಲೆಂಡಿನಲ್ಲಿ ಈಗ ಭಾರೀ ಚಳಿಯಾ ಸರ್?” ಎಂದು ಕೇಳಿದೆ. ಅವರು ಪೆನ್ನು ಕೆಳಗಿಟ್ಟರು.

“ಮಿಸೆಸ್, ನೀವು ಸಿಲೋನಿನವರಾ?”

“ಅಲ್ಲಪ್ಪ! ನಾನು ಇಂಡಿಯಾದವಳು.”

“ಹಾಗೆಯೇ ನಾನು ಐರ್ಲೆಂಡಿನವನು,” ಎಂದು ಪೆನ್ನು ಮತ್ತೆ ಎತ್ತಿಕೊಂಡರು.

ಐರ್ಲೆಂಡು ಎಂದರೆ ಇಂಗ್ಲೆಂಡಿನ ಪಕ್ಕದ ದ್ವೀಪ ಎಂದು ಶಾಲೆಯ ನಕ್ಷೆಯಲ್ಲಿ ನೋಡಿದ್ದು ಬಿಟ್ಟರೆ ನನಗೆ ಏನೂ ಗೊತ್ತಿರಲಿಲ್ಲ. ನಮ್ಮ ಹಾಗೆಯೇ ಅವರೂ ಇಂಗ್ಲಿಷರ ಕೈಕೆಳಗಿದ್ದವರು, ನಮಗಿಂತ ಮೊದಲೇ ಹೊಡೆದಾಡಿ ಹೊರಬಂದವರು ಎಂದು ಅವರೇ ಹೇಳಿದಾಗ ನನ್ನ ಕಿವಿ ನೆಟ್ಟಗಾಯಿತು. ಬಿಳಿಯರನ್ನೂ ಬಿಳಿಯರೇ ಆಳಿದ್ದರೆಂಬುದು ನನಗೆ ಹೊಸ ಸಂಗತಿ. ಅಂದಿನಿಂದ ಹತ್ತು ಗಂಟೆಯ ಚಹಾದ ಹೊತ್ತಿಗೆ ನಾನು ಒಂದಲ್ಲ ಒಂದು ಪ್ರಶ್ನೆ ತಯಾರಿಟ್ಟುಕೊಳ್ಳುತ್ತಿದ್ದೆ. ಅವರಿಗೂ ಹೇಳುವುದು ಇಷ್ಟವಿತ್ತು. ಹಸುಗಳ ಬಗ್ಗೆ, ಬಟಾಟೆಯ ಬಗ್ಗೆ, ನಮ್ಮ ಆಟಿ ತಿಂಗಳನ್ನೂ ನಾಚಿಸುವ ಅವರ ಮಳೆಯ ಬಗ್ಗೆ ಹೇಳುತ್ತಿದ್ದರು. ಆದರೆ ಅಪ್ಪನ ಮಾತು ಬಂದರೆ ಕಿಟಕಿಯಿಂದ ಕೆಳಗೆ ಇಣುಕಿ ಯಾರಾದರೊಬ್ಬ ಮೆಕ್ಯಾನಿಕ್ಕನನ್ನು ಬೈಯಲು ಶುರು ಮಾಡುತ್ತಿದ್ದರು.

ಒಂದು ಶುಕ್ರವಾರ ಗ್ಯಾರೇಜಿನವರೆಲ್ಲ ಸೇರಿ ವಾದಿಗೆ ಹೋದೆವು. ವಾದಿ ಎಂದರೆ ಬೆಟ್ಟಗಳ ನಡುವಿನ ಒಣ ಹೊಳೆ. ಮಳೆ ಬಂದ ದಿನ ಮಾತ್ರ ನೀರು, ಉಳಿದಂತೆ ಬರೀ ಕಲ್ಲು. ಮ್ಯಾನೇಜರ ಜೀಪಿನಲ್ಲಿ ನಾವು ಗಂಡ ಹೆಂಡತಿ ಮತ್ತು ನಮ್ಮ ವೀಸಾ ಕೆಲಸ ನೋಡಿಕೊಳ್ಳುವ ಒಮಾನಿ ಪಿಆರ್‌ಓ ಇದ್ದೆವು. ಎರಡೂ ಕಡೆ ಬಂಡೆ ಎದ್ದು ನಿಂತ ಒಂದು ತಿರುವಿನಲ್ಲಿ ಮ್ಯಾನೇಜರು ಜೀಪು ನಿಲ್ಲಿಸಿ ಕೆಳಗಿಳಿದರು. ಮೇಲೆ ನೋಡಿದರು, ಹಿಂದೆ ನೋಡಿದರು. ಚಕ್ರ ಪಂಕ್ಚರಾಯಿತೋ ಎಂದು ನನ್ನ ಗಂಡನೂ ಇಳಿದರು.

“ನಮ್ಮೂರಿನಲ್ಲಿ ಇಂಥದ್ದೇ ಒಂದು ತಿರುವು ಇದೆ,” ಎಂದರು ಮ್ಯಾನೇಜರು. “ಬಂಡೆಯ ಬದಲು ಪೊದೆಯ ಬೇಲಿ, ಅಷ್ಟೇ. ನಾನು ಹುಟ್ಟುವುದಕ್ಕೆ ಕೆಲವು ವರ್ಷ ಮೊದಲು ನಮ್ಮ ಹುಡುಗರು ಅಲ್ಲಿ ಅಡಗಿ ಕೂತಿದ್ದರು. ರಸ್ತೆಗೆ ಅಡ್ಡಲಾಗಿ ಒಂದು ಗಾಡಿ ನೂಕಿದ್ದರು. ಇಂಗ್ಲಿಷ್ ಸೈನಿಕರ ಲಾರಿ ತಿರುವಿಗೆ ಬಂದು ನಿಲ್ಲಲೇಬೇಕಾಯಿತು. ನಿಂತದ್ದೇ ಎರಡೂ ಕಡೆಯಿಂದ ಗುಂಡು.”

ಬೆಟ್ಟದ ಮೇಲಿನ ಹಳ್ಳಿಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲಿ ಅಲ್ಲಿಯೇ ನಡೆದ ಯುದ್ಧವೊಂದನ್ನು ನೋಡಿದ್ದ ಪಿಆರ್‌ಓ ಎರಡೂ ಬಂಡೆಗಳನ್ನು ಅಳೆಯುವಂತೆ ನೋಡಿ, “ಇಲ್ಲಿ ಸಿಕ್ಕಿಬಿದ್ದರೆ ಖಲಾಸ್,” ಎಂದು ತಲೆದೂಗಿದ.

“ಖಲಾಸೇ ಆದರು. ಮರುದಿನ ಬೇರೆ ಸೈನಿಕರು ಸೇಡಿಗೆ ಬಂದರು. ಹುಡುಗರು ಎಲ್ಲಿ ಸಿಗುತ್ತಾರೆ? ಗುಡ್ಡ ಹತ್ತಿ ಹೋಗಿಯಾಗಿತ್ತು. ಸಿಕ್ಕಿದ್ದು ತಿರುವಿನ ಹತ್ತಿರದ ಮನೆಗಳು. ಹೊಂಚು ಹಾಕಿದ್ದು ನಿಮಗೆ ಗೊತ್ತಿದ್ದೂ ಹೇಳಲಿಲ್ಲ, ಅದಕ್ಕೆ ಶಿಕ್ಷೆ ಎಂದರು. ಕೈಗೆ ಸಿಕ್ಕಿದ್ದನ್ನು ಹೊರಗೆ ತರಲು ಸ್ವಲ್ಪ ಹೊತ್ತು ಕೊಟ್ಟು, ಹುಲ್ಲಿನ ಮಾಡಿಗೆ ಪೆಟ್ರೋಲು ಸುರಿದರು. ನಾಲ್ಕು ಮನೆಗಳಿದ್ದವು. ಮೂರು ಸುಟ್ಟವು.”

“ನಾಲ್ಕನೆಯದು?” ಎಂದೆ.

ನನ್ನ ಗಂಡ ಕೆಮ್ಮಿದರು. ಅದು ನನಗಾಗಿ ಕೆಮ್ಮುವ ಕೆಮ್ಮು.

“ನಾಲ್ಕನೆಯದು ನಮ್ಮದು,” ಎಂದು ಮ್ಯಾನೇಜರು ಜೀಪು ಹತ್ತಿದರು. “ಯಲ್ಲಾ, ಹೊರಡೋಣ. ಮಾಂಸ ಸುಡುವುದಕ್ಕೆ ಹೊತ್ತಾಗುತ್ತದೆ.”

ಆ ಪಿಕ್ನಿಕ್ಕಿನಲ್ಲಿ ನಾನು ಏನು ತಿಂದೆನೋ ನೆನಪಿಲ್ಲ. ನಾಲ್ಕನೆಯ ಮನೆ ತಲೆಯಲ್ಲಿ ಹುಳ ಬಿಟ್ಟ ಹಾಗೆ ಕೊರೆಯತೊಡಗಿತ್ತು. ಸುಡಲೆಂದೇ ಬಂದವರು ಒಂದೇ ಒಂದು ಮನೆ ಬಿಟ್ಟು ಹೋಗುವುದೆಂದರೇನು? ಪೆಟ್ರೋಲು ಮುಗಿಯಿತೇ? ಮಳೆ ಬಂತೇ? ಅವರ ಮಳೆಯ ಕತೆ ಕೇಳಿದ್ದ ನಾನು ಮಳೆಯೇ ಇರಬೇಕೆಂದು ತೀರ್ಮಾನಿಸಿದ್ದೆ. ಕೆಲವು ದಿನ ತಡೆದುಕೊಂಡು, ಕೊನೆಗೆ ಚಹಾದ ಹೊತ್ತಿನಲ್ಲಿ “ಮಳೆ ಬಂದಿತ್ತಾ ಸರ್?” ಎಂದು ಕೇಳಿಯೇಬಿಟ್ಟೆ.

ಅವರು ಕೋಪಿಸಿಕೊಳ್ಳಲಿಲ್ಲ. “ಮಳೆಯಲ್ಲ ಮಿಸೆಸ್. ನನ್ನ ಅಪ್ಪ ಬೇಹುಗಾರ. ಊರಿನ ಹುಡುಗರ ಸುದ್ದಿಯನ್ನು ಸೈನಿಕರಿಗೆ ಮುಟ್ಟಿಸುತ್ತಿದ್ದವನು. ಅದಕ್ಕೇ ಅವರು ನಮ್ಮ ಮನೆ ಮುಟ್ಟಲಿಲ್ಲ. ಇಡೀ ಊರಿಗೇ ಗೊತ್ತು,” ಎಂದರು.

ಹೋರಾಟಗಾರರು ಅಪ್ಪನನ್ನು ಹಿಡಿದುಕೊಂಡು ಹೋಗಿ ವಿಚಾರಿಸಿದ್ದರಂತೆ. ಅಂಥವರಿಗೆ ಗುಂಡು ಹೊಡೆಯುವುದು ಆಗಿನ ನಿಯಮ. ಅಪ್ಪ ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಸಾಕ್ಷಿ ಸಿಗದೆ ಬಿಟ್ಟರು, ಅಷ್ಟರಲ್ಲಿ ಕದನವಿರಾಮವೂ ಆಯಿತು. ಜೀವ ಉಳಿಯಿತು, ಆದರೆ ಅಂದಿನಿಂದ ಆ ಹೊಸಿಲನ್ನು ಯಾರೂ ದಾಟಲಿಲ್ಲ. ಇಗರ್ಜಿಯಲ್ಲಿ ಅವರು ಕೂತ ಬೆಂಚಿನಲ್ಲಿ ಬೇರೆಯವರು ಕೂರಲಿಲ್ಲ. ಅಪ್ಪ ಸತ್ತಾಗ ಹೆಣ ಹೊರಲು ಬೇರೆ ಊರಿನಿಂದ ನೆಂಟರು ಬರಬೇಕಾಯಿತು. ಹದಿನೆಂಟರ ಹುಡುಗನಾಗಿದ್ದ ಇವರು ಮುಂದಿನ ವಾರವೇ ಊರು ಬಿಟ್ಟವರು, ಅಮ್ಮನ ಮಣ್ಣಿಗೊಮ್ಮೆ ಹೋದದ್ದು ಬಿಟ್ಟರೆ ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಮದುವೆಯಾಗದ ಅಕ್ಕ ಮಾತ್ರ ಆ ಮನೆಯಲ್ಲೇ ಇದ್ದಳು.

ನಮ್ಮ ಮ್ಯಾನೇಜರ ಕೆಲಸ ಮುಂದಿನ ಮಾರ್ಚಿಗೆ ಮುಗಿಯುವುದಿತ್ತು. ಕೆಲಸ ಮುಗಿದರೆ ವೀಸಾ ಮುಗಿಯಿತು. ಗಲ್ಫಿನಲ್ಲಿ ಯಾರೂ ಮುದುಕರಾಗಿ ಉಳಿಯುವಂತಿಲ್ಲ. ಅಕ್ಕ ಫೋನಿನಲ್ಲಿ ಮನೆಗೆ ಬಾ ಎಂದು ಕರೆಯುತ್ತಿದ್ದಳು. ಇವರು ಒಲ್ಲೆ ಎನ್ನುತ್ತಿದ್ದರು. “ಲಂಡನ್ನಿನಲ್ಲಿ ಬಾಡಿಗೆ ಕೋಣೆಯಲ್ಲಿ ಸಾಯುತ್ತೇನೆ. ಆ ಮನೆಯಲ್ಲಿ ಸಾಯಲಾರೆ. ಅವನು ನಾಲ್ಕು ಗೋಡೆಗಾಗಿ ನೆರೆಯವರನ್ನು ಮಾರಿದ,” ಎಂದು ಅವರು ಫೋನು ಇಟ್ಟ ಮೇಲೆ ನನಗೆ ಹೇಳಿದ್ದರು. ಸತ್ತು ಅಷ್ಟು ವರ್ಷವಾದ ಅಪ್ಪನ ಮೇಲೆ ಅಂಥ ಸಿಟ್ಟು ಇಟ್ಟುಕೊಂಡವರನ್ನು ನಾನು ನೋಡಿರಲಿಲ್ಲ. ನನಗೆ ಅವರ ಬಗ್ಗೆ ಬಹಳ ಬೇಜಾರಾಯಿತು.

ಜನವರಿಯಲ್ಲಿ ಅಕ್ಕನೇ ಬಂದಿಳಿದಳು. ಎಪ್ಪತ್ತೈದರ ಹೆಂಗಸು, ವಿಮಾನ ಹತ್ತಿದ್ದೇ ಅದು ಮೊದಲ ಸಲ. ತಮ್ಮನನ್ನು ಕರೆದುಕೊಂಡು ಹೋಗದೆ ಹಿಂತಿರುಗುವುದಿಲ್ಲ ಎಂದು ಹಟ ಹಿಡಿದು ಬಂದಿದ್ದಳು. ಅಕ್ಕ ತಮ್ಮ ಇಬ್ಬರೂ ಅಲ್ ಅಜೈಬಾ ಬಡಾವಣೆಯ ಮನೆಯಲ್ಲಿ ದಿನವಿಡೀ ಹವಾಮಾನದ ಬಗ್ಗೆ ಮಾತಾಡುತ್ತಾರೆ, ಅದು ಬಿಟ್ಟು ಬೇರೇನೂ ಮಾತಾಡುವುದಿಲ್ಲ ಎಂದು ಮ್ಯಾನೇಜರೇ ಹೇಳಿದರು. ಮಸ್ಕತ್ತಿನ ಹವಾಮಾನದ ಬಗ್ಗೆ ಮಾತಾಡಲು ಏನಿದೆ? ನಾವು ಅದೇ ಅಲ್ ಅಜೈಬಾದ ಹಿಂದಿನ ಬೀದಿಯಲ್ಲಿದ್ದೆವು. ಮುಂದಿನ ಶುಕ್ರವಾರ ಇಬ್ಬರೂ ಊಟಕ್ಕೆ ಬರಬೇಕೆಂದು ನಾನು ಕರೆದೆ.

“ಕರೆದದ್ದು ಸರಿ. ಆದರೆ ಆ ಮನೆ ಸುದ್ದಿ ಎತ್ತಿದರೆ ಉಂಟಲ್ಲ!” ಎಂದು ನನ್ನ ಗಂಡ ಬೆಳಗ್ಗಿನಿಂದ ನಾಲ್ಕು ಸಲ ಎಚ್ಚರಿಸಿದರು. ನೀರುದೋಸೆ ಹೊಯ್ಯುತ್ತಾ ನಾನು, “ಎತ್ತುವುದಿಲ್ಲ ಮಾರಾಯ್ರೆ, ನನಗೆಂತಕ್ಕೆ ಅದೆಲ್ಲ,” ಎಂದೆ. ಹೇಳುವಾಗ ನಿಜವಾಗಿಯೂ ಹಾಗೆಯೇ ಅಂದುಕೊಂಡಿದ್ದೆ.

ಅಕ್ಕ ಬಂದರು. ಗುಬ್ಬಿಯಷ್ಟು ಚಿಕ್ಕ ಹೆಂಗಸು. ನಮಗೆ ಫ್ಯಾನು ಬೇಕೆನಿಸುವ ಮಧ್ಯಾಹ್ನದಲ್ಲೂ ತುಂಬುತೋಳಿನ ಉಣ್ಣೆ ಅಂಗಿ. ಸೋಫಾದ ತುದಿಯಲ್ಲಿ ಕೂತು ಚೀಲವನ್ನು ತೊಡೆಯ ಮೇಲೆ ಹಿಡಿದುಕೊಂಡಿದ್ದರು. ನಾನು ಅಭ್ಯಾಸಬಲದಿಂದ ಒಳಗೆ ಹೋಗಿ ತಟ್ಟೆಯಲ್ಲಿ ಬೆಲ್ಲದ ತುಂಡು, ಲೋಟದಲ್ಲಿ ನೀರು ತಂದು ಅವರ ಮುಂದಿಟ್ಟೆ. ನಮ್ಮ ಮಗಳು ನಾಚಿಕೆಯಿಂದ, “ಮಮ್ಮೀ, ಗಿವ್ ದೆಮ್ ಪೆಪ್ಸಿ!” ಎಂದು ಪಿಸುಗುಟ್ಟಿದಳು.

“ಇದೇನು?” ಎಂದು ಅಕ್ಕ ಬೆಲ್ಲವನ್ನು ಮೂಸಿ ನೋಡಿದರು.

“ನಮ್ಮ ಊರಿನ ಪದ್ಧತಿ. ಬಿಸಿಲಲ್ಲಿ ನಡೆದು ಬಂದವರಿಗೆ ಮೊದಲು ಬೆಲ್ಲ ನೀರು. ನೀವು ಯಾರು, ಎಲ್ಲಿಂದ ಬಂದಿರಿ, ಯಾಕೆ ಬಂದಿರಿ ಎಂದು ಕೇಳುವುದು ಆಮೇಲೆ.”

“ಯಾರು ಬಂದರೂ?”

“ಯಾರು ಬಂದರೂ. ಜಗಳಕ್ಕೆ ಬಂದವರಿಗೂ. ಕುಡಿದ ಮೇಲೆ ಜಗಳ ಮಾಡಲಿ ಬೇಕಾದರೆ.”

ಅವರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಬೆಲ್ಲವನ್ನು ಬಾಯಿಗಿಟ್ಟುಕೊಂಡು ಲೋಟವನ್ನೇ ನೋಡುತ್ತಾ ಕೂತರು. “ನಮ್ಮ ಅಮ್ಮನೂ ಹಾಗೆಯೇ,” ಎಂದರು ಮೆಲ್ಲನೆ. “ಅವಳದು ಮಜ್ಜಿಗೆ. ಬಾಗಿಲಿಗೆ ಬಂದವರನ್ನು ಬಾಯಿ ಒದ್ದೆ ಮಾಡಿಸದೆ ಕಳಿಸಿದವಳಲ್ಲ.”

ಮ್ಯಾನೇಜರು ಕಿಟಕಿಯ ಕಡೆ ತಿರುಗಿದರು. ಅವರು ಹಾಗೆ ತಿರುಗಿದರೆ ಮಾತು ಮುಗಿಯಿತೆಂದು ಅರ್ಥ. ಆದರೆ ಇಲ್ಲಿ ಬೈಯಲು ಕೆಳಗೆ ಮೆಕ್ಯಾನಿಕ್ಕುಗಳಿರಲಿಲ್ಲ.

ಊಟಕ್ಕೆ ಕೂತೆವು. ಕೋಳಿ ಸಾರು ಖಾರವಾಯಿತೆಂದು ಮ್ಯಾನೇಜರ ಮೂಗು ಕೆಂಪಾಗಿತ್ತು. ಅಕ್ಕ ನೀರುದೋಸೆಯನ್ನು ಬಿಡಿಸಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ನನ್ನ ತಲೆಯಲ್ಲಿ ಲೆಕ್ಕ ಓಡುತ್ತಿತ್ತು. ಈಗ ಎಪ್ಪತ್ತೈದಾದರೆ ಆಗ ಈ ಹೆಂಗಸು ಹತ್ತು ವರ್ಷದ ಹುಡುಗಿ. ಮನೆಗಳು ಸುಡುವಾಗ ಇವರು ಅಲ್ಲಿಯೇ ಇದ್ದರು. ತಮ್ಮ ಹುಟ್ಟಿಯೇ ಇರಲಿಲ್ಲ. ತಮ್ಮನಿಗೆ ಗೊತ್ತಿರುವುದೆಲ್ಲ ಊರು ಹೇಳಿದ ಮಾತು. ನೋಡಿದವರು ಎದುರಿಗೆ ಕೂತು ನೀರುದೋಸೆ ತಿನ್ನುತ್ತಿದ್ದಾರೆ. ಬೀಗ ಕಳಚಿಬಿತ್ತು.

“ಅಕ್ಕಾ, ನಿಮ್ಮ ಮನೆಯನ್ನು ಯಾಕೆ ಸುಡಲಿಲ್ಲ?”

ಮೇಜಿನ ಕೆಳಗೆ ನನ್ನ ಗಂಡ ನನ್ನ ಕಾಲನ್ನು ಎಷ್ಟು ಜೋರಾಗಿ ತುಳಿದರೆಂದರೆ ಮರುದಿನ ಊದಿಕೊಂಡಿತ್ತು. ಮ್ಯಾನೇಜರು ಲೋಟ ಕೆಳಗಿಟ್ಟರು. ಅಕ್ಕ ನನ್ನನ್ನೇ ನೋಡಿದರು. ಬೈಯುತ್ತಾರೆ, ಎದ್ದು ಹೋಗುತ್ತಾರೆ ಎಂದುಕೊಂಡೆ.

“ಇದನ್ನು ಈವರೆಗೆ ಯಾರೂ ನನ್ನನ್ನು ಕೇಳಲಿಲ್ಲ,” ಎಂದರು ಅಕ್ಕ. “ಎಲ್ಲರೂ ತಮಗೆ ಗೊತ್ತಿದೆ ಎಂದುಕೊಂಡರು.”

ಆಮೇಲೆ ಹೇಳಿದರು. ಅವರ ಉಚ್ಚಾರ ನನಗೆ ಪೂರ್ತಿ ಹತ್ತುತ್ತಿರಲಿಲ್ಲ, ಆದರೆ ಆ ಹೊತ್ತಿನಲ್ಲಿ ಒಂದಕ್ಷರವೂ ತಪ್ಪಿಹೋಗಲಿಲ್ಲ. ಹೊಂಚಿನ ದಾಳಿಗೆ ಕೆಲವು ವಾರ ಮೊದಲು ಸೈನಿಕರ ಒಂದು ಲಾರಿ ಆ ಮನೆಗಳ ಹತ್ತಿರ ಕೆಟ್ಟು ನಿಂತಿತಂತೆ. ಎಂಜಿನ್ನು ಕಾದು ಹೊಗೆ ಬರುತ್ತಿತ್ತು. ರೇಡಿಯೇಟರಿಗೆ ನೀರು ಬೇಕಾಗಿತ್ತು. ಸೈನಿಕರಿಗೆ ಯಾರೂ ಏನೂ ಕೊಡಬಾರದು, ಮಾರಬಾರದು ಎಂದು ಊರಿನಲ್ಲಿ ಕಟ್ಟಪ್ಪಣೆಯಿತ್ತು. ಅವರಿಗೆ ಮೊಟ್ಟೆ ಮಾರಿದ ಹುಡುಗಿಯೊಬ್ಬಳ ತಲೆಗೂದಲನ್ನು ಊರಿನ ಹುಡುಗರೇ ಕುರಿ ಉಣ್ಣೆಯ ಕತ್ತರಿಯಿಂದ ಕತ್ತರಿಸಿದ್ದರು. ಅಪ್ಪ ಅದನ್ನು ಕಣ್ಣಾರೆ ನೋಡಿದ್ದ. ಆ ಹುಡುಗಿ ಆಮೇಲೆ ಮನೆಯಿಂದ ಹೊರಗೇ ಬರಲಿಲ್ಲ.

ಅಪ್ಪ ಸಂತೆಗೆ ಹೋಗಿದ್ದ ಹೊತ್ತು. ಒಬ್ಬ ಎಳೆಯ ಸೈನಿಕ ಬಕೆಟ್ಟು ಹಿಡಿದು ಬಾಗಿಲಿಗೆ ಬಂದ. ಮುಖ ಬೆವತಿತ್ತು, ಕೈ ಸುಟ್ಟುಕೊಂಡಿದ್ದ. ಅಮ್ಮ ಬಾವಿಯಿಂದ ನೀರು ಸೇದಿ ಕೊಟ್ಟಳು. ಬಕೆಟ್ಟು ಎತ್ತಿಕೊಂಡು ಹೊರಟವನನ್ನು ನಿಲ್ಲಿಸಿ ಮಜ್ಜಿಗೆಯನ್ನೂ ಕೊಟ್ಟಳು. ಅವನು ಬಾಗಿಲಲ್ಲೇ ನಿಂತು ಕುಡಿದ, ಲೋಟ ವಾಪಸು ಕೊಟ್ಟ, ಹೋದ.

“ಮನೆ ಸುಡಲು ಬಂದವರಲ್ಲಿ ಅವನೂ ಇದ್ದ,” ಎಂದರು ಅಕ್ಕ. “ಅಮ್ಮ ಮಂಚವನ್ನೂ ಗಡಿಯಾರವನ್ನೂ ಅಂಗಳಕ್ಕೆ ತಂದಿಟ್ಟು ನನ್ನ ಕೈ ಹಿಡಿದು ನಿಂತಿದ್ದಳು. ಅವನು ನಮ್ಮನ್ನು ನೋಡಿದ. ಅಧಿಕಾರಿಯ ಹತ್ತಿರ ಹೋಗಿ ಏನೋ ಹೇಳಿದ. ಅಧಿಕಾರಿ ಕೈ ಬೀಸಿದ, ಅವರು ಹೊರಟುಹೋದರು. ಅಷ್ಟೇ.”

ಮನೆಗಳು ಸುಟ್ಟ ದಿನವೇ ಸಂಜೆ ಅಮ್ಮ ಎಲ್ಲವನ್ನೂ ಅಪ್ಪನಿಗೆ ಹೇಳಿದಳಂತೆ. ಅಪ್ಪ, “ಯಾರಿಗೂ ಹೇಳಬೇಡ. ಅನ್ನುವುದಾದರೆ ನನ್ನನ್ನೇ ಅನ್ನಲಿ. ನಿನ್ನ ತಲೆಗೆ ಯಾರೂ ಕೈ ಹಾಕಕೂಡದು,” ಎಂದನಂತೆ. ಮೂಲೆಯಲ್ಲಿದ್ದ ಮಗಳನ್ನು ಕರೆದು ಶಿಲುಬೆಯ ಮೇಲೆ ಕೈಯಿರಿಸಿ ಆಣೆ ಹಾಕಿಸಿದನಂತೆ.

ನನಗೆ ಬಾಯಿ ಕಟ್ಟಿಹೋಯಿತು. ನನ್ನ ಗಂಡನಿಗೆ ಆ ದಿನ ಸಿಕ್ಕ ಏಕೈಕ ಸಮಾಧಾನ ಅದು. ಬರೀ ಕೂದಲಿಗೋಸ್ಕರ ಒಬ್ಬ ಮನುಷ್ಯ ಗುಂಡಿಗೆ ಎದೆಯೊಡ್ಡುವುದೇ ಎಂದು ಮೊದಲು ಅನಿಸಿತು. ಆಮೇಲೆ ಕಾರ್ಕಳದಲ್ಲಿ ನಮ್ಮ ನೆರೆಮನೆಯಲ್ಲಿದ್ದ ತಲೆ ಬೋಳಿಸಿದ ವಿಧವೆ ಅಜ್ಜಿ ನೆನಪಾದರು. ಯಾರಾದರೂ ಬಂದರೆ ಅವರು ಸೆರಗು ಎಳೆದುಕೊಂಡು ಹಿತ್ತಿಲಿಗೆ ಓಡುತ್ತಿದ್ದ ರೀತಿ ನೆನಪಾಯಿತು. ಆ ಅಪ್ಪನ ಲೆಕ್ಕ ನನಗೆ ಅರ್ಥವಾಯಿತು.

ಮ್ಯಾನೇಜರು ಎದ್ದು ಬಾಲ್ಕನಿಗೆ ಹೋಗಿ ನಮಗೆ ಬೆನ್ನು ಹಾಕಿ ನಿಂತರು. ಕೈಗೆ ಅಂಟಿದ್ದ ಸಾರು ಒಣಗುತ್ತಿತ್ತು. ಒಳಗೆ ಬಂದಾಗ ಕಣ್ಣು ಕೆಂಪಾಗಿತ್ತು. ಈ ಸಲ ಖಾರಕ್ಕಲ್ಲ.

“ನನಗ್ಯಾಕೆ ಅವನು ಹೇಳಲಿಲ್ಲ?” ಎಂದರು ಅಕ್ಕನಿಗೆ.

“ನೀನು ಕೇಳಿದ್ದೆಯಾ?”

“ಇಲ್ಲ.”

“ನನ್ನನ್ನು?”

“ಕೇಳಿದರೆ ನೀನು ಹೌದು ಎಂದುಬಿಡುತ್ತೀಯೋ ಎಂದು ಹೆದರಿದ್ದೆ.”

ಅಕ್ಕ ತಮ್ಮನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. “ನೀನು ಸಿಟ್ಟು ಮಾಡಿಕೊಂಡೇ ಇದ್ದೆ. ನಾನು ಆಣೆ ಹಿಡಿದುಕೊಂಡೇ ಇದ್ದೆ. ಇಲ್ಲಿಗೆ ಬಂದದ್ದು ಅದನ್ನು ಇಳಿಸಲಿಕ್ಕೇ. ದಿನಾ ಬೆಳಗ್ಗೆ ಶುರು ಮಾಡುತ್ತಿದ್ದೆ, ನೀನು ಹವಾಮಾನ ಎತ್ತುತ್ತಿದ್ದೆ,” ಎಂದರು. ನನಗೆ ಅಳು ತಡೆಯಲಾಗಲಿಲ್ಲ. ದೋಸೆ ತರುವ ನೆಪ ಮಾಡಿ ಅಡುಗೆಮನೆಗೆ ಹೋಗಿ ಅತ್ತೆ. ಆ ಬಡಪಾಯಿ ಅಪ್ಪ ನಾನು ನೋಡದ ಊರಿನವನು, ನೋಡದ ಕಾಲದವನು. ಆದರೂ ನನ್ನವನೇ ಸತ್ತಂತೆ ದುಃಖವಾಯಿತು.

ಮಾರ್ಚಿನಲ್ಲಿ ಮ್ಯಾನೇಜರು ಹೊರಟದ್ದು ಲಂಡನ್ನಿಗಲ್ಲ, ಮನೆಗೆ. ಕೊನೆಯ ದಿನ ಆಫೀಸಿನಲ್ಲಿ ನಾನು ಊರಿನಿಂದ ತರಿಸಿದ್ದ ಬೆಲ್ಲವನ್ನು ಹಾಲಿನಪುಡಿಯ ಡಬ್ಬಿಯಲ್ಲಿ ತುಂಬಿಸಿ ಕೊಟ್ಟೆ. “ಊರಿನವರಿಗೆ ಹೇಳುತ್ತೀರಾ ಸರ್?” ಎಂದು ಕೇಳಿದೆ. “ಹೇಳುತ್ತೇನೆ. ಅವನ ಹೆಸರನ್ನು ಸರಿಮಾಡದೆ ಸಾಯುವುದಿಲ್ಲ,” ಎಂದರು.

ಆಮೇಲೆ ತಿಂಗಳುಗಳು ಕಳೆದವು. ಹೊಸ ಮ್ಯಾನೇಜರ್ ಬಂದ. ಚಹಾದ ಹೊತ್ತಿನಲ್ಲಿ ಕ್ರಿಕೆಟ್ಟು ಬಿಟ್ಟು ಬೇರೆ ಮಾತಾಡದವನು. ಹೇಳಿದರೋ ಇಲ್ಲವೋ, ಊರು ನಂಬಿತೋ ಇಲ್ಲವೋ ಎಂದು ನಾನು ಒಳಗೊಳಗೇ ಒದ್ದಾಡುತ್ತಿದ್ದೆ. ಕ್ರಿಸ್ಮಸ್ಸಿನ ಹಿಂದಿನ ದಿನ ಆಫೀಸಿಗೆ ಫೋನು ಬಂತು. ದೂರದ ಗೊರಗೊರದ ನಡುವೆ ಅದೇ ದನಿ, “ಮಿಸೆಸ್, ಇಲ್ಲಿ ಮಳೆ.”

“ಮಳೆ ಇರಲಿ ಸರ್. ಹೇಳಿದಿರಾ?”

ಆ ಕಡೆಯಿಂದ ನಗು ಕೇಳಿತು. ಇಗರ್ಜಿಯ ಅಂಗಳದಲ್ಲಿ ಎಲ್ಲರಿಗೂ ಹೇಳಿದ್ದರಂತೆ. ಹೆಚ್ಚಿನವರು ಆಮೇಲಿನ ಕಾಲದವರು, ಅವರಿಗೆ ಅದೊಂದು ಹಳೇ ಕತೆ. ತಲೆ ಅಲ್ಲಾಡಿಸಿ ಹೋದರು. ಆದರೆ ಹಿಂದಿನ ವಾರ, ಪಕ್ಕದ ಮನೆಯ ಮುದುಕಿ, ಆ ಮೂರು ಸುಟ್ಟ ಮನೆಗಳಲ್ಲಿ ಒಂದರ ಮಗಳು, ಕೋಲೂರಿಕೊಂಡು ಬಂದು ಬಾಗಿಲಲ್ಲಿ ನಿಂತಳಂತೆ. ಆ ಹೊಸಿಲು ದಾಟಿದ ಮೊದಲ ನೆರೆಯವಳು.

“ಬೆಲ್ಲ ನೀರು ಕೊಟ್ಟಿರಾ?”

“ಕೊಟ್ಟೆ. ಲೋಟ ಹಿಡಿದುಕೊಂಡು ಸುಮಾರು ಹೊತ್ತು ಕೂತಿದ್ದಳು. ಕುಡಿಯಲಿಲ್ಲ.”

“ಆಮೇಲೆ?”

ಫೋನಿನಲ್ಲಿ ಬರೀ ಗೊರಗೊರ. ಕಡಿದುಹೋಯಿತೆಂದುಕೊಂಡೆ.

“ಆಮೇಲೆ ಹೇಳಿದಳು ಮಿಸೆಸ್. ‘ನಿಮ್ಮಪ್ಪ ಬೇಹುಗಾರನಲ್ಲ ಎಂದು ನಮ್ಮ ಮನೆಯಲ್ಲಿ ಅಂದೇ ಗೊತ್ತಿತ್ತು. ಆ ಸೈನಿಕ ಹುಡುಗ ಬಕೆಟ್ಟು ಹಿಡಿದು ಮೊದಲು ತಟ್ಟಿದ್ದು ನಮ್ಮ ಬಾಗಿಲನ್ನು. ನಾವು ತೆರೆಯದಿದ್ದಾಗ ನಿಮ್ಮಲ್ಲಿಗೆ ಬಂದ. ನನ್ನ ಅಮ್ಮ ಒಳಗೆ ನನ್ನ ಬಾಯಿ ಮುಚ್ಚಿ ಹಿಡಿದಿದ್ದಳು,’ ಎಂದಳು.”

ಕೆಳಗೆ ಶೆಡ್ಡಿನಲ್ಲಿ ಯಾರೋ ಸುತ್ತಿಗೆಯಿಂದ ಬಡಿಯುತ್ತಿದ್ದರು. ನಾನು ಇನ್ನೊಂದು ಕಿವಿ ಮುಚ್ಚಿಕೊಂಡೆ.

“ಕುಡಿದಳಾ ಸರ್?”

“ಕುಡಿದಳು,” ಎಂದರು ಅವರು. “ಇನ್ನೊಂದು ಲೋಟವೂ ಕೇಳಿದಳು.”